ಕಪ್ಪು ನಾಲ್ಕು

ನಾನು ಪ್ರಾಂಪ್ಟರ್. ಕಾಣದಿರುವುದೇ ನನ್ನ ಕಸುಬು.
ಮೂವತ್ತೊಂದು ವರ್ಷ ಸೈಡ್ ವಿಂಗಿನ ಸಂದಿಯಲ್ಲಿ ನಿಂತು
ರಾಜರಿಗೆ ಅವರವರ ಕೋಪ ನೆನಪಿಸಿದ್ದೇನೆ,
ರಾಣಿಯರಿಗೆ ಅಳು.

ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಜೀನ್ಸ್ ಗೋದಾಮಿನಲ್ಲಿ ತಾಲೀಮು.
ಬಟ್ಟೆಯ ಬೇಲುಗಳ ಮೇಲೆ ಕೂತಿದೆ ಸೈನ್ಯ.
ಮಾಸ್ತರ ಕಾಲ್ಪೆಟ್ಟಿಗೆಯ ತಿದಿಯನ್ನು ಇಲಿ ತಿಂದು ಎಷ್ಟೋ ಕಾಲ;
ಅದರ ಬೆನ್ನ ಮೇಲೆ ಮಿಕ್ಸರ್ ಇಟ್ಟಿದ್ದಾರೆ ಹುಡುಗರು,
ಕೆಂಪು ಹಸಿರು ದೀಪ ಮಿಣಮಿಣ.
"ಅಜ್ಜಾ, ಇದು ಟೇಬಲ್ ಅಲ್ಲೇನು?" ಅಂದ ಎರ್ರಿಸ್ವಾಮಿ.
ಹ್ಞೂಂ ಅಂದೆ. ಪೂರಾ ಸುಳ್ಳೂ ಅಲ್ಲ.

ಎರ್ರಿಸ್ವಾಮಿ ಮದುವೆ ಬ್ಯಾಂಡಿನಲ್ಲಿ ಬೆಳೆದವನು,
ಡ್ರಮ್ಮಿನೊಳಗೆ ಮೊಹರಂ ಹಲಗೆಯ ಏಟನ್ನೂ ತುರುಕುತ್ತಾನೆ.
ಯೇಸುರತ್ನಂ ತಂದಿರುವುದು ಚರ್ಚಿನ ಕೀಬೋರ್ಡು,
ಭಾನುವಾರ ಬೆಳಗಾಗುವುದರೊಳಗೆ ವಾಪಸ್ ಇಡಬೇಕು.
ರುಖಿಯಾ ಬಣ್ಣದ ಯೂನಿಟ್ಟಿನವಳು; ಬೇಸ್ ಗಿಟಾರ್.
ತಿಕ್ಕಿದರೂ ಹೋಗದ ನೀಲಿ ಅವಳ ಉಗುರಿನಲ್ಲಿ,
ದಪ್ಪ ತಂತಿಗಳೂ ಸ್ವಲ್ಪ ನೀಲಿ.

ಮೊದಲ ದಿನವೇ ಜಗಳ.
ರಾಣಿಯ ಪದ್ಯ ನಾನು ಓದಿದೆ, ಓದಿದ್ದಷ್ಟೇ:

   ಮಗನೆ ಬಾರೈ ಮುಗಿಲು ಮುಗಿಯಿತು
   ಹಗಲ ಕಣ್ಣಿಗೆ ಹೊಗೆಯು ಹತ್ತಿತು
   ಬಗೆಯ ಬಾಗಿಲ ತೆರೆದು ಕುಳಿತಿಹೆ ನೀನು ಬರುವನಕ

"ಇದು ನಾಕಕ್ಕೆ ಕುಂದ್ರಂಗಿಲ್ಲ," ಎಂದು ಎರ್ರಿಸ್ವಾಮಿ
ಕಡ್ಡಿ ಕೆಳಗಿಟ್ಟ.
ರುಖಿಯಾ ಬೆರಳು ಮಡಚಿದಳು. ಮೂರು, ನಾಲ್ಕು. ಮೂರು, ನಾಲ್ಕು.
"ಏಳು ಐತಲೇ. ನಮ್ಮ ಮೂಲೆ ಮಷೀನು ಹಿಂಗೇ ಕುಂಟ್ತದೆ
ದಾರ ಸಿಕ್ಕೊಂಡಾಗ."
ಆ ಕುಂಟಿನ ಮೇಲೆ ರಾಣಿಯನ್ನು ನಡೆಸಿದರು.
ಬೀಳಲಿಲ್ಲ.
ಷಟ್ಪದಿ ಎನ್ನಲು ಬಾಯಿ ತೆರೆದೆ, ಮುಚ್ಚಿದೆ.

ಹುಲಿಗೆವ್ವನದು ಬೇರೆ ತಕರಾರು.
ಕಂಪನಿ ಕಾಲದಲ್ಲಿ ಅವಳ ಶ್ರುತಿ ಕಪ್ಪು ನಾಲ್ಕು;
ಟಿಕೆಟ್ ಸಿಗದವರು ಗೇಟಿನಾಚೆಯೇ ಕೇಳಿ ಮನೆಗೆ ಹೋಗುತ್ತಿದ್ದರು.
ಈಗ ಎಪ್ಪತ್ತೆರಡು. ತಾರಕ್ಕೆ ಹೋದರೆ ಗಂಟಲು ಸಡಿಲ.
ಯೇಸುರತ್ನಂ ಒಂದು ಗುಂಡಿ ಒತ್ತಿದ, ಎರಡು ಸಲ, ಮೂರು ಸಲ;
ಇಡೀ ರಾಜ್ಯ ಅವಳ ವಯಸ್ಸಿಗೆ ಇಳಿಯಿತು.
ಅವನ ಬೆರಳ ಜಾಗ ಕೂಡ ಬದಲಾಗಲಿಲ್ಲ.
ಅವಳು ಹಾಡಿದಳು, ತಪ್ಪಿಲ್ಲ.
ಚಹಾ ಕುಡಿಯುವಾಗ ಅಂದಳು:
"ಮಾಸ್ತರು ಬೈತಿದ್ರು. ಇಳಿಸ್ತಿರಲಿಲ್ಲ."

ಪ್ರಯೋಗದ ರಾತ್ರಿ, ಮೂರನೇ ಅಂಕ.
ಶಿಫ್ಟ್ ಮುಗಿಸಿ ಬಂದವರು ಡಬ್ಬಿ ತೊಡೆಯ ಮೇಲಿಟ್ಟು ಕೂತಿದ್ದಾರೆ.
ಹೊರಗೆ ಅದಿರಿನ ಲಾರಿ ಹೋದಾಗೆಲ್ಲ
ಅರಮನೆಯ ಕಂಬ ಸ್ವಲ್ಪ ನಡುಗುತ್ತದೆ.
ಪದ್ಯಕ್ಕೆ ಮುಂಚೆ ಹುಲಿಗೆವ್ವ ಇತ್ತ ತಿರುಗಿ
ಸೆರಗಿನ ಮರೆಯಲ್ಲಿ ಒಂದು ಬೆರಳು ಮೇಲೆತ್ತಿದಳು.
ಆ ಸನ್ನೆ ಹುಡುಗನಿಗೆ ಯಾರೂ ಕಲಿಸಿಲ್ಲ.
ಅವನು ನನ್ನನ್ನು ನೋಡಿದ. ನಾನು ಪುಸ್ತಕ ನೋಡಿದೆ.
ಗುಂಡಿ ಒತ್ತಿದ. ಕಪ್ಪು ನಾಲ್ಕು.

'ನೀನು' ಎಂಬವರೆಗೆ ಬಂದಳು.
ಅಲ್ಲಿ ಸೀಳಿತು ದನಿ,
ಹಳೆಯ ಜೀನ್ಸ್ ಮಂಡಿಯ ಹತ್ತಿರ ಬಿಡುತ್ತದಲ್ಲ, ಹಾಗೆ.
ಒಳಗಿನ ಹೊಕ್ಕಿನ ಬಿಳಿ ದಾರ ಕಂಡಿತು.

ಈಗ ನಾನು ಪಿಸುಗುಟ್ಟಬೇಕು: ಬರುವನಕ, ಬರುವನಕ.
ನಾಲಿಗೆ ಏಳಲಿಲ್ಲ.
ಅವಳು ಮರೆತಿರಲಿಲ್ಲ; ಮರೆತವರಿಗಷ್ಟೇ ನಾನು.
ಎರ್ರಿಸ್ವಾಮಿಯ ಕಡ್ಡಿ ಗಾಳಿಯಲ್ಲೇ ನಿಂತಿತು.
ರುಖಿಯಾ ಮಾತ್ರ, ದಪ್ಪ ತಂತಿ, ಒಂದೇ ಒಂದು ಸ್ವರ,
ಮೂರು, ನಾಲ್ಕು, ಮೂರು, ನಾಲ್ಕು,
ಮಷೀನು ಆರಿಸಿದ ಮೇಲೂ ಅಂಗಾಲಿನಲ್ಲಿ ಉಳಿಯುವಷ್ಟು.
ಕೊನೆಯ ಪದವನ್ನು ಹುಲಿಗೆವ್ವ ಹಾಡಲಿಲ್ಲ.
ಹೇಳಿದಳು, ಮನೆಯಲ್ಲಿ ಹೇಳುವ ಹಾಗೆ.

ಹಿಂದಿನ ಸಾಲಿನಿಂದ ಯಾರೋ "ವನ್ಸ್ ಮೋರ್!"
ಕಂಪನಿ ಮುಚ್ಚಿದ ಮೇಲೆ ಆ ಕೂಗು ಕೇಳಿದ್ದು ಇದೇ ಮೊದಲು.
ಹುಡುಗರು ನನ್ನ ಕಡೆ ತಿರುಗಿದರು: ಯಾವುದನ್ನು ಮತ್ತೆ?
ತಲೆ ಅಲ್ಲಾಡಿಸಿದೆ. ಮುಂದಿನ ಪ್ರವೇಶ.

ಬೆಳಿಗ್ಗೆ ಪುಸ್ತಕ ತೆರೆದರೆ ಆ ಪುಟದ ಅಂಚಿಗೊಂದು
ನೀಲಿ ಹೆಬ್ಬೆಟ್ಟು.
ಪೆನ್ಸಿಲು ತೆಗೆದು 'ನೀನು' ಆದ ಮೇಲೆ ಗೆರೆ ಎಳೆದು ಬರೆದೆ:
ಇಲ್ಲಿ ಯಾರೂ ನೆನಪಿಸಬಾರದು.
ಆಮೇಲೆ ಚಪ್ಪಲಿ ಮೆಟ್ಟಿ ಹೊರಟೆ,
ಕೀಬೋರ್ಡು ಚರ್ಚಿಗೆ ಮುಟ್ಟಿತೋ ಇಲ್ಲವೋ ಕೇಳಲಿಕ್ಕೆ.